ಅಶೋಕದ ತೊಗಟೆಗೆ ಡಿಎನ್‌ಎ ಪರೀಕ್ಷೆ ಬೇಕು



ಮುಟ್ಟಿನ ಅತಿಸ್ರಾವಕ್ಕೆ ಆಯುರ್ವೇದ ವೈದ್ಯರು ಬರೆದುಕೊಡುವ ಅಶೋಕಾರಿಷ್ಟದ ಜೀವಾಳ ಅಶೋಕ ಮರದ ತೊಗಟೆ. ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಕಿತ್ತಳೆ-ಕೆಂಪು ಹೂಗೊಂಚಲು ಬಿಡುವ ಈ ಮರ ಅಳಿವಿನ ಭೀತಿಯಲ್ಲಿದೆ. ಬೇಡಿಕೆ ಮಾತ್ರ ಇಳಿದಿಲ್ಲ. ಹೀಗಾಗಿ ಶಾಲೆ, ಕಚೇರಿಗಳ ಕಾಂಪೌಂಡಿನ ಪಕ್ಕ ಕಂಬದಂತೆ ಬೆಳೆಯುವ, ಜನ ಅಶೋಕವೆಂದೇ ಕರೆಯುವ ಇನ್ನೊಂದು ಮರದ ತೊಗಟೆ ಮಾರುಕಟ್ಟೆಯಲ್ಲಿ ಅದರೊಂದಿಗೆ ಬೆರೆಯುತ್ತಿದೆ. ಮೊದಲನೆಯದು ಹುಣಸೆಯ ಕುಟುಂಬಕ್ಕೆ, ಎರಡನೆಯದು ಸೀತಾಫಲದ ಕುಟುಂಬಕ್ಕೆ ಸೇರಿದ್ದು.

ಒಣಗಿಸಿ ಪುಡಿ ಮಾಡಿದ ಮೇಲೆ ಪಳಗಿದ ಪಂಡಿತರ ಕಣ್ಣಿಗೂ ವ್ಯತ್ಯಾಸ ಹಿಡಿಯುವುದು ಕಷ್ಟ. ಡಿಎನ್‌ಎ ಬಾರ್‌ಕೋಡಿಂಗ್ ನೆರವಿಗೆ ಬರುವುದು ಇಲ್ಲೇ. ಚಿಟಿಕೆ ಪುಡಿಯಿಂದ ಡಿಎನ್‌ಎ ಬೇರ್ಪಡಿಸಿ, ಆರ್‌ಬಿಸಿಎಲ್, ಐಟಿಎಸ್-2ರಂಥ ಒಂದೆರಡು ಭಾಗಗಳನ್ನು ಓದಿ, ಗುರುತು ಖಚಿತವಾದ ಗಿಡಗಳ ದಾಖಲೆಯೊಂದಿಗೆ ಹೋಲಿಸಿದರೆ ಜಾತಿ ತಿಳಿಯುತ್ತದೆ.

ಆದರೆ ಅರಿಷ್ಟ ತಯಾರಿಸುವಾಗ ತೊಗಟೆಯನ್ನು ಚೆನ್ನಾಗಿ ಕುದಿಸಿ ಕಷಾಯ ಮಾಡುವುದರಿಂದ ಡಿಎನ್‌ಎ ಚೂರುಚೂರಾಗಿರುತ್ತದೆ. ಬಾಟಲಿಯಲ್ಲಿ ಡಿಎನ್‌ಎ ಸಿಗಲಿಲ್ಲವೆಂದು ಅಶೋಕವೇ ಇಲ್ಲ ಎಂದು ತೀರ್ಪು ಕೊಟ್ಟರೆ ಪ್ರಾಮಾಣಿಕ ತಯಾರಕರಿಗೆ ಅನ್ಯಾಯವಾಗುತ್ತದೆ. ಔಷಧದ ಸತ್ವ ಎಷ್ಟಿದೆ, ಸೀಸ ಬೆರೆತಿದೆಯೇ ಎಂಬುದನ್ನೂ ಈ ಪರೀಕ್ಷೆ ಹೇಳದು. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಆಗಬೇಕು. ಡಿಎನ್‌ಎ ಪರೀಕ್ಷೆ ನಡೆಯಬೇಕಾದದ್ದು ಕುದಿಸುವ ಮೊದಲು, ಕಚ್ಚಾ ತೊಗಟೆಯ ಮೂಟೆ ಗೋದಾಮಿಗೆ ಬಂದಿಳಿದಾಗ.

ರಕ್ತ ಕಳೆದುಕೊಂಡು ಸೊರಗಿದ ಹೆಣ್ಣುಮಕ್ಕಳು ನಂಬಿ ತಿಂಗಳುಗಟ್ಟಲೆ ಕುಡಿಯುವ ಔಷಧವಿದು. ಸರ್ಕಾರಿ ಆಯುರ್ವೇದ ಆಸ್ಪತ್ರೆಗಳಿಗೆ ಖರೀದಿಸುವಾಗಲಾದರೂ ಆಯುಷ್ ಇಲಾಖೆ, ಕಚ್ಚಾ ತೊಗಟೆಯ ಡಿಎನ್‌ಎ ವರದಿಯನ್ನು ಕಡ್ಡಾಯ ಮಾಡಲಿ.

– ಓದುಗರೊಬ್ಬರು, ತೀರ್ಥಹಳ್ಳಿ