ಹಿಮದೊಡಲಲ್ಲಿ ಐವತ್ತಾರು ವರ್ಷ



1968ನೆಯ ಇಸವಿ ಫೆಬ್ರವರಿ 7ರಂದು ನಮ್ಮ ವಾಯುಪಡೆಯ ಎ.ಎನ್.-12 ವಿಮಾನವೊಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹಕ್ಕೆ ಹೊರಟಿತು. ಅವರಲ್ಲಿ ಬಹುಪಾಲು ಸೈನಿಕರು. ಲೇಹದ ಕಡೆ ಹವೆ ಕೆಟ್ಟಿದ್ದುದರಿಂದ ಚಾಲಕರು ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಹಿಮಾಚಲದ ರೋಹತಾಂಗ ಘಟ್ಟದ ಬಳಿ ಸಂಪರ್ಕ ಕಡಿದುಹೋಯಿತು. ಎಷ್ಟು ಹುಡುಕಿದರೂ ಸುಳಿವು ದೊರೆಯಲಿಲ್ಲ. ಮನೆಗಳಿಗೆ ಹೋದ ವಾರ್ತೆ ಒಂದೇ: ಕಾಣೆಯಾಗಿದ್ದಾರೆ.

ಮೂವತ್ತೈದು ವರ್ಷ ಕಳೆದ ಮೇಲೆ, 2003ರಲ್ಲಿ, ಲಾಹೌಲ ಸೀಮೆಯ ಚಂದ್ರಭಾಗಾ ಶಿಖರಗಳ ಕಡೆ ಹೊರಟಿದ್ದ ಪರ್ವತಾರೋಹಿಗಳಿಗೆ ವಿಮಾನದ ಅವಶೇಷಗಳೂ ಒಬ್ಬ ಯೋಧನ ದೇಹವೂ ಕಂಡವು. ಹಿಮನದಿಯೆಂಬುದು ನಿಂತ ಮಂಜಲ್ಲ. ಮೇಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಅತಿ ಮೆಲ್ಲನೆ ಹರಿಯುತ್ತದೆ. ನುಂಗಿದ್ದನ್ನು ಒಡಲಲ್ಲಿಟ್ಟುಕೊಂಡು ಕೆಳಗೆ ತಂದು, ಕರಗಿದಲ್ಲಿ ಹೊರಚೆಲ್ಲುತ್ತದೆ. ಅಲ್ಲಿ ಹುಡುಕಲು ವರ್ಷದಲ್ಲಿ ಕೆಲವೇ ವಾರಗಳ ಅವಕಾಶ. 2019ರವರೆಗೆ ದೊರೆತ ದೇಹಗಳು ಐದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಡೋಗ್ರಾ ಸ್ಕೌಟ್ಸ್ ಪಡೆಯವರು, ಪರ್ವತ ರಕ್ಷಣಾ ತಂಡದೊಡನೆ, ಮತ್ತೆ ನಾಲ್ವರನ್ನು ಹೊರತೆಗೆದರು. ಗುರುತು ಹಿಡಿಯಲು ನೆರವಾದದ್ದು ಅವರ ಬಳಿ ಉಳಿದಿದ್ದ ಕಾಗದಪತ್ರ! ಐವತ್ತಾರು ವರ್ಷ ಹಿಮವು ಕಾಗದವನ್ನೂ ಕಾಯ್ದಿತ್ತು.

ಆದರೆ ಕಾಯ್ದವರು ಉಳಿದಿರಲಿಲ್ಲ. ಉತ್ತರಪ್ರದೇಶದ ಸಹಾರನಪುರ ಜಿಲ್ಲೆಯ ಯೋಧನ ಪತ್ನಿಯೂ ಮಗನೂ ತೀರಿಹೋಗಿದ್ದರು. ಅಜ್ಜನ ಮುಖವನ್ನೇ ಕಾಣದ ಮೊಮ್ಮಗ ಚಿತೆಗೆ ಅಗ್ನಿಯಿಟ್ಟನು. ಉತ್ತರಾಖಂಡದ ಚಮೋಲಿಯ ಯೋಧನ ಪತ್ನಿಯೂ ಇರಲಿಲ್ಲ. ಕೇರಳದ ಎಲಂತೂರಿನ ಇಪ್ಪತ್ತೆರಡರ ತರುಣನನ್ನು, ಮುಪ್ಪಿನ ಹೊಸ್ತಿಲಲ್ಲಿದ್ದ ಒಡಹುಟ್ಟಿದವರು ಬರಮಾಡಿಕೊಂಡು ತಮ್ಮ ಇಗರ್ಜಿಯ ಮಣ್ಣಿನಲ್ಲಿ ಇಟ್ಟರು. ಅವನ ತಮ್ಮಂದಿರಿಗೇ ಅವನಿಗಿಂತ ಮೂರು ಪಾಲು ವಯಸ್ಸು ಎಂದರೆ ಹೆಚ್ಚಲ್ಲ.

ಈ ವಾರ್ತೆಯನ್ನು ಓದಿದಾಗ ನನ್ನದೊಂದು ಹಳೆಯ ತಪ್ಪು ನೆನಪಾಯಿತು. ಮಠದಲ್ಲಿ ಓದು ಮುಗಿಸಿ ಹೊರಬಂದ ಹೊಸತು. ಕೃಷ್ಣೆಯ ಮಹಾಪೂರದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಬಂದು, ದೇಹ ಸಿಗಲಿಲ್ಲ, ಸಮಾಧಿ ಹೇಗೆ ಮಾಡುವುದೆಂದು ಕೇಳಿದಳು. ನಾನು ಕಲಿತದ್ದನ್ನೆಲ್ಲ ಹೇಳಿದೆ: ನಮ್ಮಲ್ಲಿ ಪ್ರೇತಸೂತಕವಿಲ್ಲ, ಲಿಂಗೈಕ್ಯನಾದವನಿಗೆ ಶರೀರ ಗೌಣ, ಶ್ರಾದ್ಧದ ಹಂಗೂ ಇಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಕೆ ಎಲ್ಲವನ್ನೂ ಕೇಳಿ, "ನೀವು ಹೇಳಿದ್ದು ಖರೆ ಐತ್ರಿ ಶಾಸ್ತ್ರಿಗಳ. ಆದ್ರ ನಾ ಇಭೂತಿ ಯಾರ ಹಣಿಗೆ ಹಚ್ಚಲಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಕ್ರಿಯಾಸಮಾಧಿಯನ್ನೇ ನೋಡಿರಿ: ದೇಹಕ್ಕೆ ಮಜ್ಜನ, ಹಣೆಗೆ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಮೇಲೆ ಬಿಲ್ವಪತ್ರೆ. ಅಗಲಿದವನಿಗೆ ಇವು ಬೇಕೋ ಬೇಡವೋ ಎಂದು ಪಂಡಿತರು ವಾದಿಸಲಿ. ಉಳಿದವರ ಕೈಗಳಿಗೆ ಬೇಕು. ಅಂದು ಮಠದ ಹಿರಿಯ ಸ್ವಾಮಿಗಳು ಯಾವ ಶಾಸ್ತ್ರವನ್ನೂ ಎತ್ತಲಿಲ್ಲ. ಮಗ ಉಳುತ್ತಿದ್ದ ಹೊಲದ ಬದುವಿನಲ್ಲಿ ಬಿಲ್ವದ ಸಸಿಯೊಂದನ್ನು ನೆಡಿಸಿ, ಆಕೆಯಿಂದಲೇ ನೀರೆರೆಸಿ, ಬಹಳ ಹೊತ್ತು ಜೊತೆಗೆ ಕುಳಿತಿದ್ದರು. ಅಂದಿನಿಂದ ಇಂತಹ ಮನೆಗಳಿಗೆ ಹೋದಾಗ ನಾನು ಮೊದಲು ಸಿದ್ಧಾಂತ ಹೇಳುವುದಿಲ್ಲ. ದೇಹ ದೊರೆಯಲಿಲ್ಲವೆಂದು ಸ್ಮರಣೆಯನ್ನು ಮುಂದೂಡಬೇಡಿರಿ, ಸೊಸೆಯ ಹಣೆಯ ಕುಂಕುಮದ ವಿಷಯದಲ್ಲಿ ನೆರೆಹೊರೆಯವರು ಅವಸರಪಡಬೇಡಿರಿ, ಇಷ್ಟನ್ನು ಮಾತ್ರ ಹೇಳುತ್ತೇನೆ.

2024ರ ಶೋಧ ಮುಗಿದಾಗ ಆ ವಿಮಾನದ 102 ಮಂದಿಯಲ್ಲಿ ದೊರೆತಿದ್ದವರು ಒಂಬತ್ತು. ಉಳಿದ 93 ಮನೆಗಳಲ್ಲಿ ಈಗ ಕಾಯುತ್ತಿರುವವರು ತಮ್ಮಂದಿರು, ಮಕ್ಕಳು, ಎಷ್ಟೋ ಕಡೆ ಮೊಮ್ಮಕ್ಕಳು.