ಹೊಳೆಯ ಸಾಕ್ಷಿ ಮೀನು, ಕಡತವಲ್ಲ

“ಹೊಳೆಯಲ್ಲಿ ಮೀನು ಇವೆಯಲ್ಲ, ಇನ್ನೇನು ನಿಮ್ಮ ತಕರಾರು?” ಶಿವಮೊಗ್ಗದ ಕೊಚ್ಚೆ ತುಂಗೆಗೆ ಬಂದು ಬೀಳುತ್ತಿರುವುದನ್ನು ಕುರಿತು ನಾವು ದೂರು ಒಯ್ದಾಗ ಅಧಿಕಾರಿಯೊಬ್ಬರು ದಯಪಾಲಿಸಿದ ಉತ್ತರವಿದು. ಮಹಾಶಯರು ಹೊಳೆಯ ದಡಕ್ಕೆ ಇಳಿದು ನೋಡಿದ್ದರೋ ಇಲ್ಲವೋ ದೇವರೇ ಬಲ್ಲ.

ಇವೆ ಸ್ವಾಮಿ, ಮೀನು ಇವೆ. ಯಾವ ಮೀನು ಎಂಬುದೇ ನಮ್ಮ ಪ್ರಶ್ನೆ. ಇದೇ ತುಂಗೆ ಶೃಂಗೇರಿಯ ಮೆಟ್ಟಿಲ ಬಳಿ, ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯ ಮಡುವಿನಲ್ಲಿ ಮೊಳದುದ್ದದ ದೇವರ ಮೀನುಗಳನ್ನು ಸಾಕುತ್ತಿದ್ದಾಳೆ. ಯಾತ್ರಿಕರು ಮಂಡಕ್ಕಿ ಎರಚಿ ಕೈಮುಗಿಯುತ್ತಾರೆ. ಮಹಸೀರ್ ಜಾತಿಯ ಆ ಮೀನಿಗೆ ಹರಿಯುವ ತಿಳಿನೀರು ಬೇಕು, ನೀರಿನಲ್ಲಿ ಧಾರಾಳ ಆಮ್ಲಜನಕ ಬೇಕು. ಚರಂಡಿಯ ಬಾಯಲ್ಲಿ ಬದುಕುವಂಥವು ಬೇರೆ. ಜಿಲೇಬಿ ಮೀನು ಎಂಥ ನೀರನ್ನೂ ತಾಳಿಕೊಳ್ಳುತ್ತದೆ. ಕೊರವ, ಮುಗುಡುಗಳು ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿಯನ್ನೇ ಕುಡಿದು ಜೀವ ಹಿಡಿಯುತ್ತವೆ. ಸಂತೆಯಲ್ಲಿ ಬೋಗುಣಿಯಲ್ಲಿಟ್ಟು ಜೀವಂತ ಮಾರಲು ಬರುವುದು ಅದಕ್ಕೇ. ಇವುಗಳನ್ನು ತೋರಿಸಿ ನೀರು ಶುದ್ಧವೆನ್ನುವುದು, ಗಂಜಿ ಕುಡಿದು ಬದುಕಿರುವ ಕೂಲಿಯವನನ್ನು ತೋರಿಸಿ ನಾಡಿನಲ್ಲಿ ಹಸಿವೇ ಇಲ್ಲವೆಂದಂತೆ.

ಇದು ನಮ್ಮ ಸ್ವಂತ ಶಾಸ್ತ್ರವಲ್ಲ. 1981ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಕಾರ್ ಇದಕ್ಕೊಂದು ಲೆಕ್ಕವನ್ನೇ ಕಟ್ಟಿಕೊಟ್ಟರು. ಹೊಳೆಯಲ್ಲಿ ಎಷ್ಟು ಜಾತಿಯ ಮೀನಿವೆ, ಸೂಕ್ಷ್ಮದವು ಎಷ್ಟು, ಒರಟಿನವು ಎಷ್ಟು, ಮೈಮೇಲೆ ಹುಣ್ಣಾದವು ಎಷ್ಟು ಎಂದು ಹನ್ನೆರಡು ಬಗೆಯಲ್ಲಿ ನೋಡಿ 60ಕ್ಕೆ ಅಂಕ ಹಾಕುವುದು. ನಮ್ಮ ಬೆಸ್ತರು ಈ ಲೆಕ್ಕವನ್ನು ಬಲೆ ಕೊಡವುವಾಗಲೇ ಮಾಡಿ ಮುಗಿಸುತ್ತಾರೆ. ಅವರನ್ನು ಕೇಳುವವರು ಯಾರು?

ಇನ್ನು ಸರಕಾರದ ಲೆಕ್ಕ. ಮೀನಿನ ಬದುಕಿಗೆ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಗಳ ಕ್ರಮ. ಒಳ್ಳೆಯದು. ಆದರೆ ಸೀಸೆ ತುಂಬುವುದು ಎಷ್ಟು ಹೊತ್ತಿಗೆ? ಕೊಚ್ಚೆಯ ಗೊಬ್ಬರ ತಿಂದು ಬೆಳೆದ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಕತ್ತಲಾದೊಡನೆ ಅದೇ ಪಾಚಿ ತಾನು ಕೊಟ್ಟದ್ದನ್ನು ತಾನೇ ಉಸಿರಾಡುತ್ತದೆ. ಹೊಲಸನ್ನು ಕೊಳೆಸುವ ಸೂಕ್ಷ್ಮಜೀವಿಗಳು ಉಳಿದದ್ದನ್ನು ನುಂಗುತ್ತವೆ. ಕೋಳಿ ಕೂಗುವ ಹೊತ್ತಿಗೆ ನೀರು ಬರಿದು, ಮೀನು ಮೇಲೆದ್ದು ಬಾಯಿ ಬಿಡುತ್ತದೆ. ಜೀಪು ಹನ್ನೊಂದು ಗಂಟೆಗೆ ಬಂದರೆ ಸೀಸೆ ಪಾಸಾಗುತ್ತದೆ. ಆ ಸೀಸೆಗೆ ಒಂದು ಗಳಿಗೆಯ ಸುದ್ದಿ ಮಾತ್ರ ಗೊತ್ತು. ಮೀನು ಹಗಲಿರುಳೂ ಅಲ್ಲೇ ಇರುತ್ತದೆ. ಸತ್ತು ದಡಕ್ಕೆ ಬಂದರೆ “ಆಮ್ಲಜನಕದ ಕೊರತೆ” ಎಂದು ಬರೆದು ಕಡತ ಮುಚ್ಚುವುದು ವಾಡಿಕೆ. ಹಸಿದು ಸತ್ತವನಿಗೆ ಹೃದಯ ನಿಂತಿತು ಎಂದು ಬರೆಯುವ ಕೈಯೇ ಇದು! ಕೊರತೆ ಮಾಡಿದವರು ಯಾರೆಂದು ಹೇಳಲು 1974ರಿಂದ ಕಾನೂನಿದೆ, ಮಂಡಳಿಯಿದೆ, ಸಂಬಳವಿದೆ.

ನಮ್ಮ ಜಿಲ್ಲೆಯವರಿಗೆ ಅಳತೆಯ ಮೋಸ ಹೊಸದಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದಕ್ಕೆ ಒಡೆಯರ ಮನೆಯ ದೊಡ್ಡ ಕೊಳಗವೂ ಒಂದು ಕಾರಣ. ಭತ್ತ ರೈತನದು, ಕೊಳಗ ಒಡೆಯನದು. ಇಂದು ಹೊಳೆ ಜನರದು, ಸೀಸೆ ಕಚೇರಿಯದು.

ಹೊಳೆಯನ್ನು ಮತ್ತೆ ಬದುಕಿಸುವುದು ಆಗದ ಮಾತೆನ್ನುವವರು ಲಂಡನ್ನಿನ ಕಡೆ ನೋಡಲಿ. 1957ರಲ್ಲಿ ಅಲ್ಲಿನ ಥೇಮ್ಸ್ ನದಿ ಸತ್ತಿದೆಯೆಂದು ಸಾರಿದರು. ನಗರದ ಉದ್ದಕ್ಕೂ ಹಾವುಮೀನು ಬಿಟ್ಟರೆ ಮೀನಿನ ಸುಳಿವಿರಲಿಲ್ಲ. ಕೊಚ್ಚೆ ಶುದ್ಧಿ ಮಾಡುವ ಸ್ಥಾವರಗಳಿಗೆ ಹಣ ಸುರಿದ ಮೇಲೆ 1974ರಲ್ಲಿ ಸಾಲ್ಮನ್ ಮೀನು ಮರಳಿ ಸಿಕ್ಕಿತು. ನಮ್ಮಲ್ಲಿ ನದಿಗೆ ಆರತಿ ಎತ್ತಲು ಹಣಕ್ಕೆ ಕೊರತೆಯಿಲ್ಲ.

ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಇದೇ ನೀರು ಹೊನ್ನಾಳಿಗೆ, ಹರಿಹರಕ್ಕೆ ಹೋಗುತ್ತದೆ. ಅಲ್ಲಿಯ ಬಡವರ ಮನೆಯಲ್ಲಿ ನೀರು ಸೋಸುವ ಯಂತ್ರವಿಲ್ಲ.

ನಾವು ಕೇಳುವುದಿಷ್ಟು: ಸೂರ್ಯ ಹುಟ್ಟುವ ಮೊದಲು ನೀರು ತೆಗೆಯಬೇಕು. ತೆಗೆಯುವಾಗ ಬೆಸ್ತರು ಎದುರಿಗಿರಬೇಕು. ಊರಿನ ಮೇಲೆ ಯಾವ ಮೀನು, ಕೆಳಗೆ ಯಾವ ಮೀನು ಎಂಬುದನ್ನು ಅವರ ಬಾಯಿಂದಲೇ ಕೇಳಿ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಪಾಲಿಕೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು. ಬಲೆ ಬರಿದಾದವರಿಗೆ ಪರಿಹಾರ ಕೊಡಬೇಕು.

ಬರುವ ಸೋಮವಾರ ಬೆಳಗಿನ ಜಾವ ಐದು ಗಂಟೆಗೆ ನಾವು ಹೊಳೆಯ ದಡದಲ್ಲಿರುತ್ತೇವೆ. ಅಧಿಕಾರಿಗಳು ಸೀಸೆ ಹಿಡಿದು ಬರಲಿ.