ಭರಣಿಗೆ ಬೇಕಾದದ್ದು ಒಣ ಕೈ

ಉಪ್ಪಿನಕಾಯಿ ಭರಣಿಗೆ ಈಗ ಎರಡು ಕಡೆಯಿಂದ ಅನ್ಯಾಯವಾಗುತ್ತಿದೆ. ಒಂದು, ಅದನ್ನು ತೊಳೆದು ಒರೆಸಿ ಹಾಲಿಗೆ ತಂದು, ಒಣ ಹೂವಿನ ಕಡ್ಡಿ ಸಿಕ್ಕಿಸಿ, ಬಂದವರಿಗೆಲ್ಲ 'ಅಜ್ಜಿ ಕಾಲದ್ದು' ಎಂದು ತೋರಿಸುವವರಿಂದ. ಇನ್ನೊಂದು, ಅದನ್ನು ಉಗ್ರಾಣದ ಕತ್ತಲೆಯಲ್ಲೇ ಇಟ್ಟು, ಇಂಥವರು ಮುಟ್ಟಬಹುದು ಇಂಥವರು ಮುಟ್ಟಬಾರದು ಎಂದು ಕಾವಲು ಕಾಯುವವರಿಂದ. ಅದು ಪಾತ್ರೆ ಎಂಬುದನ್ನು ಮೊದಲಿನವರು ಮರೆತಿದ್ದಾರೆ. ಅದು ಬರೀ ಪಾತ್ರೆ ಎಂಬುದನ್ನು ಎರಡನೆಯವರು ಮರೆತಿದ್ದಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಬಾಯಿಮಾತಿಗೆ ನಾವು ಪಿಂಗಾಣಿ ಎಂದರೂ, ಕಂದು ಕುತ್ತಿಗೆಯ, ಕೆನೆಬಣ್ಣದ ಹೊಟ್ಟೆಯ ಈ ಭರಣಿ (ಬಯಲುಸೀಮೆಯವರ ಜಾಡಿ) ಚಹಾ ಬಟ್ಟಲಿನ ತೆಳ್ಳನೆಯ ಪಿಂಗಾಣಿಯಲ್ಲ. ಇಂಗ್ಲಿಷಿನವರು ಇದನ್ನು ಸ್ಟೋನ್‌ವೇರ್ ಎನ್ನುತ್ತಾರೆ. ಹೆಸರು ಸುಳ್ಳಲ್ಲ. ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೇಯುವಾಗ ಮಣ್ಣಿನ ಒಂದು ಅಂಶ ಕರಗಿ, ಉಳಿದ ಕಣಗಳನ್ನು ಬೆಸೆದು, ಇಡೀ ಪಾತ್ರೆಯನ್ನು ಕಲ್ಲಿನಂತೆ ಮಾಡುತ್ತದೆ. ನಮ್ಮ ಮಣ್ಣಿನ ಹೂಜಿ ಇದಕ್ಕಿಂತ ಬಹಳ ಕಡಿಮೆ ಉರಿಯಲ್ಲಿ ಬೆಂದದ್ದು. ಅದರ ಮೈಯಿಂದ ನೀರು ಜಿನುಗುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಭರಣಿ ಜಿನುಗುವುದಿಲ್ಲ. ಮಾವಿನ ಮಿಡಿಯ ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. ಅದೇ ಹುಳಿ, ಅದೇ ಉಪ್ಪು ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತವೆ. ಸ್ಟೀಲಿನ ಡಬ್ಬಿಯಲ್ಲೂ ಚುಕ್ಕಿ ಚುಕ್ಕಿಯಾಗಿ ಗುಳಿ ಬೀಳಿಸುತ್ತವೆ. ಪ್ಲಾಸ್ಟಿಕ್ ಡಬ್ಬಿಯಂತೂ ಒಮ್ಮೆ ಮೆಣಸಿನ ಬಣ್ಣ, ಇಂಗಿನ ವಾಸನೆ ಕುಡಿದರೆ ಬಿಡುವ ಮಾತಿಲ್ಲ. ಇಂಥ ಭರಣಿಯಲ್ಲಿ ಒಣ ಹೂವು ಇಡುವುದೆಂದರೆ, ಗೇಯುವ ಎತ್ತಿಗೆ ಗೆಜ್ಜೆ ಕಟ್ಟಿ ಜಗಲಿಯಲ್ಲಿ ನಿಲ್ಲಿಸಿದಂತೆ.

'ಒಡೆದು ಹೋಗುತ್ತದಲ್ಲ?' ಎನ್ನುತ್ತಾರೆ. ಒಡೆಯುತ್ತದೆ, ನಿಜ. ಆದರೆ ಸುಮ್ಮಸುಮ್ಮನೆ ಒಡೆಯುವುದಿಲ್ಲ. ಕಾವು ತಟ್ಟನೆ ಏರಿಳಿದಾಗ ಪಾತ್ರೆಯ ಒಂದು ಭಾಗ ಹಿಗ್ಗುತ್ತದೆ, ಇನ್ನೊಂದು ಭಾಗ ಹಿಂದುಳಿಯುತ್ತದೆ. ಬಿರುಕು ಬರುವುದು ಆಗ. ಆದ್ದರಿಂದ ಅದನ್ನು ಒಲೆಯ ಮೇಲಿಡಬಾರದು, ಕುದಿಯುವ ಉಪ್ಪುನೀರನ್ನು ಸುರಿಯಬಾರದು, ಆರಿಸಿಯೇ ಹಾಕಬೇಕು. ಸ್ಟೀಲಿನ ಚಮಚದ ಬದಲು ಮರದ ಸೌಟು ಬಳಸಿದರೆ ಅಂಚು ಚಕ್ಕೆ ಏಳುವುದು ತಪ್ಪುತ್ತದೆ. ಹಳೆಯ ವಾಸನೆ ಉಳಿದಿದ್ದರೆ ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡ ಹಾಕಿ ರಾತ್ರಿಯಿಡೀ ಬಿಟ್ಟು ತೊಳೆದರಾಯಿತು. ಬೆರಳಿನಿಂದ ತಟ್ಟಿ ನೋಡಿ: ಗಟ್ಟಿ ಭರಣಿ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಒಳಮೈಯ ಹೊಳಪಿನಲ್ಲಿ ಕೂದಲೆಳೆಯ ಬಿರುಕುಗಳೆದ್ದಿದ್ದರೆ ಅವುಗಳಲ್ಲಿ ಎಣ್ಣೆ, ಕೊಳೆ ಸೇರುತ್ತವೆ. ಅಂಥದ್ದನ್ನು ಉಪ್ಪಿನಕಾಯಿಗೆ ಬಳಸಬೇಡಿ. ಅಲಂಕಾರಕ್ಕೆಂದೇ ಮಾರುವ, ಕಡಿಮೆ ಉರಿಯ ಥಳಥಳಿಸುವ ಜಾಡಿಗಳನ್ನೂ ಬಳಸಬೇಡಿ. ಹೊಳಪಿನಲ್ಲಿ ಸೀಸ ಇದ್ದರೆ ಹುಳಿ ಅದನ್ನು ಕರಗಿಸಿ ಊಟಕ್ಕೆ ತರುತ್ತದೆ.

ಇಷ್ಟನ್ನೂ ನಮ್ಮ ಮನೆಗಳ ಹೆಂಗಸರು ಪುಸ್ತಕ ಓದದೆ ತಿಳಿದುಕೊಂಡಿದ್ದರು. ಅದಕ್ಕೆ ನನ್ನ ನಮಸ್ಕಾರವಿದೆ. ಆದರೆ ಇದೇ ತಿಳಿವಳಿಕೆಯ ಪಕ್ಕದಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು, ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೆ: ಮುಟ್ಟಾದವಳು ಭರಣಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ. ಮನೆಗೆಲಸದವಳು ಹೊರಗಿನಿಂದ ಭರಣಿ ತಿಕ್ಕಿ ತೊಳೆಯಬಹುದು, ತುಂಬಿದ ಮೇಲೆ ನೆರಳೂ ಸೋಕಬಾರದು. ಹಳೆಯ ಕಾಲದ ರುಚಿಯನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ಮಾತು ಮಾತ್ರ ಬರುವುದೇ ಇಲ್ಲ.

ಈ ನಂಬಿಕೆಗೆ ವಿಜ್ಞಾನದ ಅಂಗಿ ತೊಡಿಸುವ ಪ್ರಯತ್ನವೂ ನಡೆದದ್ದುಂಟು. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದ ಹೆಂಗಸಿನ ಮೈಯಿಂದ ಹೂ ಬಾಡಿಸುವ ವಿಷವೊಂದು ಹೊರಡುತ್ತದೆಂದು ಬರೆದ. ಅದಕ್ಕೆ 'ಮೆನೊಟಾಕ್ಸಿನ್' ಎಂಬ ಹೆಸರೂ ಬಂತು. ಅಂಥ ವಿಷ ಇದೆಯೆಂದು ಸಿದ್ಧವಾಗಲಿಲ್ಲ. ಕೋಣೆಯ ಅಜ್ಜಿಗೂ ಪ್ರಯೋಗಶಾಲೆಯ ಡಾಕ್ಟರಿಗೂ ಆದದ್ದು ಒಂದೇ ಭ್ರಮೆ, ಭಾಷೆ ಮಾತ್ರ ಬೇರೆ.

ಉಪ್ಪಿನಕಾಯಿ ಏಕೆ ಕೆಡುತ್ತದೆ? ಒದ್ದೆ ಕೈ, ಒದ್ದೆ ಸೌಟು ಇಳಿದಾಗ ಮೇಲುಭಾಗದಲ್ಲಿ ಉಪ್ಪಿನ ಬಿಗಿ ಸಡಿಲುತ್ತದೆ. ರಸ ಅಥವಾ ಎಣ್ಣೆಯಿಂದ ಮೇಲೆದ್ದ ಹೋಳಿಗೆ ಗಾಳಿ ತಾಗುತ್ತದೆ. ಅಲ್ಲಿ ಬೂಷ್ಟು ಹಿಡಿಯುತ್ತದೆ. ಈ ಬೂಷ್ಟು ಕೈ ಯಾರದು, ಜಾತಿ ಯಾವುದು, ತಿಂಗಳ ಯಾವ ದಿನ ಎಂದು ಕೇಳುವುದಿಲ್ಲ. ಮೂರು ಸಲ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಂದ ಮಡಿಯ ಕೈಯೇ ಭರಣಿಗೆ ಹೆಚ್ಚು ಅಪಾಯ. ಮುಟ್ಟಾದ ಹುಡುಗಿಯ ತೊಳೆದು ಒರೆಸಿದ ಕೈಯಿಂದ ಅದಕ್ಕೆ ಏನೂ ಆಗದು.

ಅದಕ್ಕೇ ಹೇಳುವುದು, ಭರಣಿಯನ್ನು ಹಾಲಿನಿಂದಲೂ ಬಿಡಿಸಿ, ಮಡಿಯಿಂದಲೂ ಬಿಡಿಸಿ. ತೊಳೆದು ಎರಡು ದಿನ ಬಿಸಿಲಿಗಿಡಿ. ಮಿಡಿ ಉಪ್ಪಿನಲ್ಲಿ ನೀರು ಬಿಟ್ಟು ಸುಕ್ಕಾದ ಮೇಲೆ ಸಾಸಿವೆ, ಮೆಣಸು ಅರೆದು ಕಲಸಿ. ತುಂಬುವುದಕ್ಕೆ ಮನೆಯ ಹೆಣ್ಣುಮಕ್ಕಳನ್ನು ಕರೆಯಿರಿ, ಗಂಡುಮಕ್ಕಳನ್ನೂ ಕರೆಯಿರಿ, ತಿಕ್ಕಿ ತೊಳೆದುಕೊಟ್ಟವಳನ್ನೂ ಕರೆಯಿರಿ. ಬಾಯಿಗೆ ಬಟ್ಟೆ ಕಟ್ಟುವ ಮೊದಲು ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಕೈ ಒರೆಸಿಕೊಂಡಿರೇನು?